ಠಾಣೆಗೆ ಹೋದ ಮಾತು ಬೀದಿಗೆ ಮರಳಬೇಕು

ಒಂದು ಬಡಾವಣೆಯಲ್ಲಿ ಸಾಲಾಗಿ ನಾಲ್ಕು ಕಳವು ನಡೆದರೆ ಅಲ್ಲಿನವರು ಮೊದಲು ಕೇಳುವುದು ಒಂದನ್ನೇ: ಗಸ್ತು ಹೆಚ್ಚಿಸಿ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಪೊಲೀಸ್ ವಾಹನ ಬೀದಿ ಬೀದಿ ಸುತ್ತುವುದರಿಂದ ಎಷ್ಟು ಪ್ರಯೋಜನ ಎಂಬುದನ್ನು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972ರ ಅಕ್ಟೋಬರ್‌ನಿಂದ ಒಂದು ವರ್ಷ, ಬೀಟ್ ಎಂದು ಕರೆಯುವ 15 ಗಸ್ತು ಪ್ರದೇಶಗಳನ್ನು ಮೂರು ಗುಂಪು ಮಾಡಿದರು. ಐದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ಐದರಲ್ಲಿ ಎಂದಿನಂತೆ ಬಿಟ್ಟರು. ಉಳಿದ ಐದರಲ್ಲಿ ಗಸ್ತನ್ನೇ ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಮೂರು ಗುಂಪುಗಳ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜನರ ಭಯವೂ ಕಡಿಮೆಯಾಗಿರಲಿಲ್ಲ, ಹೆಚ್ಚೂ ಆಗಿರಲಿಲ್ಲ. ಗಸ್ತಿನಲ್ಲಿ ಏನೋ ಬದಲಾಗಿದೆ ಎಂಬುದು ಹೆಚ್ಚಿನ ನಿವಾಸಿಗಳ ಗಮನಕ್ಕೇ ಬಂದಿರಲಿಲ್ಲ.

ಪೊಲೀಸರು ಬೇಡ ಎಂಬುದು ಇದರ ಅರ್ಥವಲ್ಲ. ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಎಂಬುದು ಗೊತ್ತಿಲ್ಲದೆ ಸುತ್ತುವ ಗಸ್ತು ಹೆಚ್ಚೇನೂ ಮಾಡಲಾರದು. ಆ ಮೂರು ಪ್ರಶ್ನೆಗಳಿಗೆ ಉತ್ತರದ ಅರ್ಧ ಭಾಗ ಇರುವುದು ನಿವಾಸಿಗಳ ಬಳಿ. ಬೀದಿಯ ಕೊನೆಯ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲ, ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಯಾವ ಪಾಳು ಕಟ್ಟಡದ ಹಿಂದೆ ಸಂಜೆಯಾದ ಮೇಲೆ ಜನ ಸೇರುತ್ತಾರೆ, ಇವೆಲ್ಲ ಅಲ್ಲಿ ಬಾಳುವವರಿಗೆ ಗೊತ್ತು. ಇನ್ನರ್ಧ ಪೊಲೀಸರ ಬಳಿ ಇದೆ. ಪಕ್ಕದ ಮೂರು ಬಡಾವಣೆಗಳಲ್ಲಿ ಇದೇ ರೀತಿ ಹಿಂಬಾಗಿಲಿನ ಚಿಲಕ ಮುರಿದದ್ದು, ಕದ್ದ ವಾಹನಗಳು ಯಾವ ದಿಕ್ಕಿಗೆ ಹೋದವು ಎಂಬುದು, ಹಳೆಯ ಪ್ರಕರಣಗಳ ವಿವರ. ಈ ಎರಡು ಅರ್ಧಗಳು ಒಂದೆಡೆ ಸೇರುವ ವ್ಯವಸ್ಥೆಗೆ ಸಮುದಾಯ ಪೊಲೀಸ್ ವ್ಯವಸ್ಥೆ ಎಂದು ಹೆಸರು. ಹೆಸರು ದೊಡ್ಡದು, ಕೆಲಸ ಚಿಕ್ಕ ಚಿಕ್ಕದು.

ಅಪರಾಧ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1989ರಲ್ಲಿ ಪ್ರಕಟವಾದ ಮಿನಿಯಾಪೊಲಿಸ್ ನಗರದ ಅಧ್ಯಯನದಲ್ಲಿ, ಪೊಲೀಸರಿಗೆ ಬಂದ ಒಟ್ಟು ಕರೆಗಳಲ್ಲಿ ಅರ್ಧದಷ್ಟು ಬಂದದ್ದು ಸುಮಾರು ಶೇ 3ರಷ್ಟು ವಿಳಾಸಗಳಿಂದ ಮಾತ್ರ. ಕೆಟ್ಟ ಹೆಸರು ಪಡೆದ ಬಡಾವಣೆಯಲ್ಲೂ ಬಹುಪಾಲು ಮನೆಗಳು, ಬಹುಪಾಲು ತಿರುವುಗಳು ಶಾಂತವಾಗಿರುತ್ತವೆ. ತೊಂದರೆ ಕೆಲವೇ ಜಾಗಗಳಲ್ಲಿ, ಕೆಲವೇ ಗಂಟೆಗಳಲ್ಲಿ ಕೂಡಿಕೊಂಡಿರುತ್ತದೆ. ಹಾಗಾಗಿ ಇಡೀ ಬಡಾವಣೆಯನ್ನು ಕಾಯಲು ಹೊರಡುವವರು ಬೇಗ ದಣಿಯುತ್ತಾರೆ. ಒಂದು ತಿರುವನ್ನು ಸರಿಪಡಿಸಲು ಹೊರಡುವವರಿಗೆ ಮೂರು ತಿಂಗಳಲ್ಲಿ ಏನಾದರೂ ಕಾಣುತ್ತದೆ.

ಕರ್ಕ್‌ಹೋಲ್ಟ್ ಕಲಿಸಿದ್ದು

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಉದಾಹರಣೆ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್. ಎರಡು ಸಾವಿರಕ್ಕೂ ಹೆಚ್ಚು ಮನೆಗಳಿದ್ದ, ಸ್ಥಳೀಯ ಆಡಳಿತವೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಬಡಾವಣೆ ಅದು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮನೆಗಳವು ವಿಪರೀತವಾಗಿತ್ತು. ಪೊಲೀಸರು, ಸ್ಥಳೀಯ ಆಡಳಿತ, ಶಿಕ್ಷೆಗೆ ಒಳಗಾದವರ ಮೇಲ್ವಿಚಾರಣೆ ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಗಳು ಮತ್ತು ಸಂಶೋಧಕರು ಸೇರಿ ಮೊದಲು ಮಾಡಿದ ಕೆಲಸ ಕ್ಯಾಮೆರಾ ಹಾಕಿಸುವುದಾಗಿರಲಿಲ್ಲ, ಗಸ್ತು ಹೆಚ್ಚಿಸುವುದೂ ಆಗಿರಲಿಲ್ಲ. ಅವರು ಕೂತು ಮಾತನಾಡಿಸಿದರು. ಕಳವಾದ ಮನೆಯವರನ್ನು, ಅವರ ನೆರೆಹೊರೆಯವರನ್ನು, ಕಳವು ಮಾಡಿ ಶಿಕ್ಷೆಗೆ ಒಳಗಾದವರನ್ನೂ ಕೇಳಿದರು.

ಎರಡು ಸಂಗತಿಗಳು ಹೊರಬಿದ್ದವು. ಅಲ್ಲಿನ ಅನೇಕ ಮನೆಗಳಲ್ಲಿ ಅನಿಲ ಮತ್ತು ವಿದ್ಯುತ್ತಿಗೆ ನಾಣ್ಯ ಹಾಕುವ ಮೀಟರ್‌ಗಳಿದ್ದವು. ಅಂದರೆ ಅಂಥ ಪ್ರತಿ ಮನೆಯಲ್ಲೂ ನಗದು ತುಂಬಿದ ಒಂದು ಪೆಟ್ಟಿಗೆ, ಅದು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಸುಮಾರು ಅರ್ಧದಷ್ಟು ಕಳವುಗಳಲ್ಲಿ ಆ ಹಣವೇ ಹೋಗಿತ್ತು. ಇನ್ನೊಂದು ಸಂಗತಿ ಹೆಚ್ಚು ನೋವಿನದು. ಒಮ್ಮೆ ಕಳವಾದ ಮನೆಯಲ್ಲಿ ಮತ್ತೆ ಕಳವಾಗುವ ಸಾಧ್ಯತೆ ಉಳಿದ ಮನೆಗಳಿಗಿಂತ ನಾಲ್ಕು ಪಟ್ಟು ಇತ್ತು. ಒಳಗೆ ಹೋಗುವ ದಾರಿ ಕಳ್ಳನಿಗೆ ಈಗಾಗಲೇ ಗೊತ್ತು, ಏನು ಬಿಟ್ಟು ಬಂದೆ ಎಂಬುದೂ ಗೊತ್ತು, ಮುರಿದ ಬಾಗಿಲು ಹಾಗೇ ಇದೆ.

ಹಾಗಾಗಿ ಪರಿಹಾರವೂ ಅಷ್ಟೇ ನಿರ್ದಿಷ್ಟವಾಯಿತು. ನಾಣ್ಯದ ಮೀಟರ್‌ಗಳನ್ನು ತೆಗೆಸಿದರು. ಕಳವಾದ ಮನೆಯ ಬಾಗಿಲು ಕಿಟಕಿಗಳನ್ನು ಕೂಡಲೇ ಭದ್ರಪಡಿಸಿದರು. ಆ ಮನೆಯ ಸುತ್ತಲಿನ ಆರೇಳು ಮನೆಯವರನ್ನು ಒಟ್ಟುಗೂಡಿಸಿ, ಮುಂದಿನ ದಿನಗಳಲ್ಲಿ ಆ ಒಂದು ಮನೆಯ ಮೇಲೆ ಕಣ್ಣಿಡಲು ಕೇಳಿಕೊಂಡರು. ಇಡೀ ಬಡಾವಣೆಯನ್ನು ಕಾಯಿರಿ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ನಿನ್ನೆ ರಾತ್ರಿ ಕಳವಾದ ಪಕ್ಕದ ಮನೆಯನ್ನು ಸ್ವಲ್ಪ ಗಮನಿಸಿ ಎಂದರೆ ಯಾರು ತಾನೇ ಆಗುವುದಿಲ್ಲ ಎನ್ನುತ್ತಾರೆ? ಮೊದಲ ವರ್ಷದಲ್ಲಿಯೇ ಮನೆಗಳವು ಅರ್ಧಕ್ಕಿಂತ ಕೆಳಗಿಳಿಯಿತು. ಮೂರು ವರ್ಷಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಡಿಮೆಯಾಯಿತು.

ಇಲ್ಲಿ ಪೊಲೀಸರು ಮಾಡಿದ್ದೆಷ್ಟು, ನಿವಾಸಿಗಳು ಮಾಡಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮೀಟರ್ ತೆಗೆಸುವ ಅಧಿಕಾರ ಪೊಲೀಸರಿಗಿರಲಿಲ್ಲ. ಯಾವ ಮನೆಗೆ ಎರಡನೆಯ ಬಾರಿ ಕಳ್ಳ ಬಂದ ಎಂಬ ದಾಖಲೆ ನೆರೆಯವರ ಬಳಿ ಇರಲಿಲ್ಲ.

ದೂರನ್ನು ಬಿಡಿಸಿ ನೋಡುವುದು

ನಿವಾಸಿಗಳು ಮತ್ತು ಪೊಲೀಸರು ಸೇರುವ ಸಭೆಯೊಂದನ್ನು ಊಹಿಸಿಕೊಳ್ಳಿ. ಒಬ್ಬರು ಎದ್ದು, ‘ರಾತ್ರಿ ಹೊತ್ತು ಪುಂಡರ ಹಾವಳಿ ಜಾಸ್ತಿಯಾಗಿದೆ, ಏನಾದರೂ ಮಾಡಿ ಸರ್’ ಎನ್ನುತ್ತಾರೆ. ಅಧಿಕಾರಿ ‘ಗಮನಿಸುತ್ತೇವೆ’ ಎನ್ನುತ್ತಾರೆ. ಮಾತು ಮುಗಿಯಿತು. ಮುಂದಿನ ತಿಂಗಳೂ ಅದೇ ದೂರು, ಅದೇ ಉತ್ತರ. ನಾಲ್ಕನೆಯ ತಿಂಗಳಿಗೆ ಸಭೆಗೆ ಬರುವವರು ಅರ್ಧವಾಗಿರುತ್ತಾರೆ.

ಅದೇ ದೂರನ್ನು ಇನ್ನೊಂದು ಬಗೆಯಲ್ಲಿ ಕೇಳಬಹುದು. ಪುಂಡರೆಂದರೆ ಏನು ಮಾಡುತ್ತಾರೆ? ಬಾಟಲಿ ಒಡೆಯುತ್ತಾರೆ, ದಾರಿಹೋಕ ಹೆಂಗಸರ ಮೇಲೆ ಮಾತೆಸೆಯುತ್ತಾರೆ. ಯಾವ ದಿನ? ಶುಕ್ರವಾರ, ಶನಿವಾರ. ಎಷ್ಟು ಹೊತ್ತಿಗೆ? ಹನ್ನೊಂದರಿಂದ ಒಂದರವರೆಗೆ. ಎಲ್ಲಿ? ಖಾಲಿ ನಿವೇಶನದ ಪಕ್ಕದ ತಿರುವಿನಲ್ಲಿ. ಅಲ್ಲೇ ಯಾಕೆ? ದೀಪವಿಲ್ಲ, ಕೂರಲು ಮೋಟುಗೋಡೆ ಇದೆ, ಪೊದೆ ಬೆಳೆದಿದೆ, ಮುಖ್ಯರಸ್ತೆಯಿಂದ ಕಾಣುವುದಿಲ್ಲ. ಯಾರಿಗೆ ತೊಂದರೆ? ಎರಡನೆಯ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಾರೆ.

ಈಗ ‘ಪುಂಡರ ಹಾವಳಿ’ ಎಂಬ ಒಂದೇ ಮುದ್ದೆ ನಾಲ್ಕು ಕೆಲಸಗಳಾಗಿ ಒಡೆಯಿತು. ದೀಪ ನಗರಾಡಳಿತದ್ದು. ಪೊದೆ ಸವರಿಸಿ ಬೇಲಿ ಹಾಕಬೇಕಾದವರು ನಿವೇಶನದ ಮಾಲೀಕರು. ಎರಡು ರಾತ್ರಿ, ಎರಡು ಗಂಟೆಯ ಹೊತ್ತು ಅಲ್ಲಿ ಇಳಿದು ನಡೆಯಬೇಕಾದವರು ಪೊಲೀಸರು. ಆ ಹುಡುಗರಲ್ಲಿ ಪರಿಚಯದವರಿದ್ದರೆ ಮನೆಯವರೊಡನೆ ಮಾತನಾಡಬಹುದಾದವರು ನಿವಾಸಿಗಳು. ಅಮೆರಿಕದ ಕಾನೂನು ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೀನ್ 1979ರಲ್ಲಿ ಮುಂದಿಟ್ಟ ವಿಚಾರದ ತಿರುಳು ಇದೇ. ಪೊಲೀಸರು ಒಂದೊಂದು ಘಟನೆಯ ಹಿಂದೆ ಓಡುತ್ತಾ ಇರುವ ಬದಲು, ಮತ್ತೆ ಮತ್ತೆ ಅದೇ ಘಟನೆಯನ್ನು ಹುಟ್ಟಿಸುತ್ತಿರುವ ಸಮಸ್ಯೆಯನ್ನು ಗುರುತಿಸಬೇಕು ಎಂದು ಅವರು ವಾದಿಸಿದರು. ಗುರುತಿಸುವುದು, ಕಾರಣ ಹುಡುಕುವುದು, ಕ್ರಮ ಕೈಗೊಳ್ಳುವುದು, ಪರಿಣಾಮ ಆಯಿತೇ ಎಂದು ತಿರುಗಿ ನೋಡುವುದು ಎಂಬ ಕ್ರಮವನ್ನು ಆಮೇಲೆ ಅನೇಕ ದೇಶಗಳ ಪೊಲೀಸ್ ಇಲಾಖೆಗಳು ಅನುಸರಿಸಿದವು.

ದೀಪ, ಪೊದೆ ಎಂಬ ಮಾತು ಕೆಲವರಿಗೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಇವುಗಳಿಗೆ ಗಟ್ಟಿ ಪುರಾವೆ ಇದೆ. 2016ರಲ್ಲಿ ನ್ಯೂಯಾರ್ಕ್‌ನ ಕೆಲವು ಸಾರ್ವಜನಿಕ ವಸತಿ ಸಂಕೀರ್ಣಗಳನ್ನು ಚೀಟಿ ಎತ್ತಿದಂತೆ ಆಯ್ದು ಪ್ರಖರ ದೀಪಗಳನ್ನು ಹಾಕಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ 36ರಷ್ಟು ಇಳಿದವು. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಸ ತೆಗೆದು ಹುಲ್ಲು, ಗಿಡ ಬೆಳೆಸಿದ ಜಾಗಗಳ ಸುತ್ತ, ಬಡವರ ಬಡಾವಣೆಗಳಲ್ಲಿ, ಬಂದೂಕಿನ ಹಿಂಸೆ ಸುಮಾರು ಶೇ 29ರಷ್ಟು ಕಡಿಮೆಯಾಯಿತು. ಯಾರನ್ನೂ ಬಂಧಿಸದೆ ಸಿಕ್ಕ ಫಲ ಇದು. ಠಾಣೆಯ ಅಧಿಕಾರಿ ನಗರಾಡಳಿತಕ್ಕೆ ಒಂದು ಪತ್ರ ಬರೆದರೆ ದೀಪ ಬೇಗ ಬರುತ್ತದೆ ಎಂಬುದೂ ಅನುಭವದ ಮಾತು. ನಿವಾಸಿಗಳ ಅರ್ಜಿಗಿಂತ ಆ ಪತ್ರಕ್ಕೆ ತೂಕ ಹೆಚ್ಚು.

ಮರುತ್ತರ

ಷಿಕಾಗೊ ನಗರ 1993ರಲ್ಲಿ ಐದು ಪೊಲೀಸ್ ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ಇಡೀ ನಗರಕ್ಕೆ ವಿಸ್ತರಿಸಿದ ಸಮುದಾಯ ಪೊಲೀಸ್ ಕಾರ್ಯಕ್ರಮದಲ್ಲಿ 279 ಬೀಟ್‌ಗಳಿದ್ದವು. ಪ್ರತಿ ಬೀಟ್‌ಗೆ ಅದರದೇ ಪೊಲೀಸ್ ತಂಡ, ನಿವಾಸಿಗಳೊಂದಿಗೆ ನಿಯಮಿತವಾಗಿ ಸಭೆ. ನನಗೆ ಮುಖ್ಯವಾಗಿ ಕಾಣುವುದು ಅದರ ಇನ್ನೊಂದು ಏರ್ಪಾಡು: ನಗರಾಡಳಿತದ ಸೇವೆಗಳನ್ನು ಈ ವ್ಯವಸ್ಥೆಗೆ ಜೋಡಿಸಿದ್ದರು. ಬಿಟ್ಟುಹೋದ ಕಾರು, ಪಾಳು ಕಟ್ಟಡ, ಉರಿಯದ ದೀಪ ಇಂಥ ದೂರುಗಳಿಗೆ ಆದ್ಯತೆ ಸಿಗುತ್ತಿತ್ತು. ಸಭೆಯಲ್ಲಿ ಆಡಿದ ಮಾತು ಮಾತಾಗಿಯೇ ಉಳಿಯುತ್ತಿರಲಿಲ್ಲ.

ಯಾವುದೇ ಊರಿನಲ್ಲಿ ಈ ಸಹಕಾರ ಬದುಕುವುದು, ಸಾಯುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಒಬ್ಬರು ಧೈರ್ಯ ಮಾಡಿ ಮಾಹಿತಿ ಕೊಡುತ್ತಾರೆ. ಆಮೇಲೆ ಏನಾಯಿತು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಪೊಲೀಸರು ನಿಜಕ್ಕೂ ಹೋಗಿ ವಿಚಾರಿಸಿರಬಹುದು, ಒಬ್ಬನನ್ನು ಹಿಡಿದೂ ಇರಬಹುದು. ಆದರೆ ಹೇಳಿದವರ ಮಟ್ಟಿಗೆ ಆ ಮಾತು ಬಾವಿಗೆ ಬಿದ್ದ ಕಲ್ಲು. ಎರಡನೆಯ ಬಾರಿ ಅವರು ಬಾಯಿ ತೆರೆಯುವುದಿಲ್ಲ. ‘ನೀವು ಹೇಳಿದ ಜಾಗಕ್ಕೆ ಮೂರು ರಾತ್ರಿ ಹೋಗಿದ್ದೆವು, ಅಂಥದ್ದೇನೂ ಕಾಣಲಿಲ್ಲ, ಮತ್ತೆ ಕಂಡರೆ ತಿಳಿಸಿ’ ಎಂಬ ಉತ್ತರ ಬಂದರೂ ಸಾಕು. ಸೋಲಿನ ಸುದ್ದಿಯಾದರೂ ಅದು ಉತ್ತರವೇ. ತನಿಖೆಯ ಗುಟ್ಟು ಬಿಟ್ಟುಕೊಡಲಾಗದ ಸಂದರ್ಭಗಳು ಇದ್ದೇ ಇರುತ್ತವೆ. ಆಗ ‘ಇದರ ಬಗ್ಗೆ ಈಗ ಹೇಳಲಾಗದು’ ಎಂದು ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮಾಹಿತಿ ಕೊಟ್ಟವರ ಹೆಸರು ಹೊರಬೀಳದಂತೆ ನೋಡಿಕೊಳ್ಳುವುದೂ ಇದರ ಭಾಗವೇ. ವಿಚಾರಣೆಗೆ ಹೋದ ಪೇದೆ, ‘ಮೂಲೆ ಮನೆಯವರು ದೂರು ಕೊಟ್ಟಿದ್ದಾರೆ’ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದರೆ ಆ ಬೀದಿಯಲ್ಲಿ ವರ್ಷಗಟ್ಟಲೆ ಇನ್ನೊಂದು ದೂರು ಹುಟ್ಟುವುದಿಲ್ಲ.

ಕಣ್ಗಾವಲಿನ ಗಡಿ

ನಿವಾಸಿಗಳೇ ಗುಂಪು ಕಟ್ಟಿಕೊಂಡು ಬಡಾವಣೆಯ ಮೇಲೆ ಕಣ್ಣಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ 1972ರಿಂದ ರಾಷ್ಟ್ರಮಟ್ಟದಲ್ಲಿ ಇದಕ್ಕೆ ಪ್ರೋತ್ಸಾಹ ಸಿಕ್ಕಿತು, ಬ್ರಿಟನ್‌ನಲ್ಲಿ 1982ರಲ್ಲಿ ಚೆಷರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಮೊದಲ ಗುಂಪು ಹುಟ್ಟಿತು. ಇಂಥ ಗುಂಪುಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ ಬೆನೆಟ್, ಹಾಲೊವೇ ಮತ್ತು ಫ್ಯಾರಿಂಗ್ಟನ್ ಅವರು, ಅಪರಾಧ ಶೇ 16ರಿಂದ 26ರವರೆಗೆ ಇಳಿದದ್ದನ್ನು ಕಂಡರು. ಎಲ್ಲ ಕಡೆ ಫಲಿತಾಂಶ ಒಂದೇ ಆಗಿರಲಿಲ್ಲ, ಕೆಲವು ಕಡೆ ಏನೂ ಆಗಿರಲಿಲ್ಲ. ಒಟ್ಟಿನಲ್ಲಿ ಪ್ರಯೋಜನವಿದೆ.

ಅಪಾಯವೂ ಇದೆ, ಅದನ್ನು ಮೆಲುದನಿಯಲ್ಲಿ ಹೇಳುವಂತಿಲ್ಲ. 2012ರ ಫೆಬ್ರವರಿಯಲ್ಲಿ ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ ಇಂಥ ಒಂದು ಗುಂಪಿನ ಸ್ವಯಂಸೇವಕ, ಅಂಗಡಿಯಿಂದ ಮರಳುತ್ತಿದ್ದ 17 ವರ್ಷದ ಕಪ್ಪು ವರ್ಣದ ಹುಡುಗನೊಬ್ಬನನ್ನು ಅನುಮಾನಿಸಿ ಪೊಲೀಸರಿಗೆ ಕರೆ ಮಾಡಿದ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಕರೆ ಸ್ವೀಕರಿಸಿದವರು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಆ ಹುಡುಗ ಆತನ ಗುಂಡಿಗೆ ಬಲಿಯಾದ. ಹುಡುಗನ ಬಳಿ ಯಾವ ಆಯುಧವೂ ಇರಲಿಲ್ಲ. ಆತ್ಮರಕ್ಷಣೆಗೆ ಗುಂಡು ಹಾರಿಸಿದೆ ಎಂದ ಆತನನ್ನು 2013ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಆ ಸಾವು ದೇಶವನ್ನೇ ಕಲಕಿತು.

ಆದ್ದರಿಂದ ಗುಂಪು ಕಟ್ಟುವ ಮೊದಲ ದಿನವೇ ಗಡಿ ಎಳೆಯಬೇಕು. ನೋಡಬೇಕಾದದ್ದು ವರ್ತನೆಯನ್ನು, ವ್ಯಕ್ತಿಯ ಬಣ್ಣ, ಬಟ್ಟೆ, ಭಾಷೆಯನ್ನಲ್ಲ. ‘ಅನುಮಾನಾಸ್ಪದ ವ್ಯಕ್ತಿ ಓಡಾಡುತ್ತಿದ್ದಾನೆ’ ಎಂಬ ಸಂದೇಶ ಯಾರಿಗೂ ಉಪಯೋಗವಿಲ್ಲ, ಹೊಸಬರೊಬ್ಬರನ್ನು ಹೆದರಿಸಲು ಮಾತ್ರ ಸಾಕು. ‘ಒಬ್ಬಾತ ನಿಲ್ಲಿಸಿದ ವಾಹನಗಳ ಬಾಗಿಲುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಾನೆ, ಸಮಯ 11.40, ಉತ್ತರ ದಿಕ್ಕಿಗೆ ಹೋದ’ ಎಂಬುದು ಮಾಹಿತಿ. ಅದನ್ನು ಮೊದಲು ತಿಳಿಸಬೇಕಾದ್ದು ಪೊಲೀಸ್ ಸಹಾಯವಾಣಿಗೆ, ವಾಟ್ಸ್‌ಆ್ಯಪ್ ಗುಂಪಿಗೆ ಅಲ್ಲ. ಬೆನ್ನಟ್ಟುವುದು, ತಡೆದು ನಿಲ್ಲಿಸುವುದು, ಚೀಲ ತಪಾಸಣೆ ಮಾಡುವುದು ನಿವಾಸಿಗಳ ಕೆಲಸವಲ್ಲ. ಅಪರಿಚಿತರ ಫೋಟೊ ತೆಗೆದು ಗುಂಪಿನಲ್ಲಿ ಹಂಚುವುದಂತೂ ಎಂದೂ ಸಲ್ಲದು. ಆ ಫೋಟೊ ಹತ್ತು ಗುಂಪು ದಾಟುವಷ್ಟರಲ್ಲಿ ದಾರಿ ಕೇಳಿದವನು ಮಕ್ಕಳ ಕಳ್ಳನಾಗಿರುತ್ತಾನೆ, ಆಮೇಲೆ ಆಗುವುದನ್ನು ತಡೆಯಲು ಯಾವ ಅಧಿಕಾರಿಗೂ ಸಾಧ್ಯವಾಗದೆ ಹೋಗಬಹುದು.

ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಷಿಕಾಗೊದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತನಾಡಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೇರೊಂದು ಕಡೆಯಿಂದ ಬೆಳಕು ಬೀರುತ್ತದೆ. ಮಕ್ಕಳು ಶಾಲೆ ತಪ್ಪಿಸಿ ಬೀದಿ ತಿರುವಿನಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಹೇಳುತ್ತಾರೆಯೇ? ಇಲ್ಲಿನ ಜನರನ್ನು ನಂಬಬಹುದೇ? ಇಂಥ ಪ್ರಶ್ನೆಗಳಿಗೆ ಹೌದು ಎಂದವರು ಹೆಚ್ಚಿದ್ದ ಕಡೆ ಹಿಂಸೆ ಕಡಿಮೆ ಇತ್ತು. ಬಡತನದಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಅಪರಿಚಿತರ ಮೇಲಿನ ಗುಮಾನಿಗಿಂತ ಪರಿಚಿತರ ನಡುವಿನ ವಿಶ್ವಾಸ ಬೀದಿಯನ್ನು ಹೆಚ್ಚು ಕಾಯುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಎಲ್ಲಿ ಕೈಕೊಡುತ್ತದೆ

ಕಹಿ ಸತ್ಯವನ್ನೂ ಹೇಳಲೇಬೇಕು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ ಈ ಆರು ದೇಶಗಳಲ್ಲಿ ಏಕಕಾಲಕ್ಕೆ ನಡೆಸಿದ ಸಮುದಾಯ ಪೊಲೀಸ್ ಪ್ರಯೋಗಗಳ ಫಲಿತಾಂಶ 2021ರಲ್ಲಿ ಹೊರಬಂತು. ಸಭೆಗಳು, ಕಾಲ್ನಡಿಗೆ ಗಸ್ತು, ಸಲಹೆ ಸ್ವೀಕಾರ ಎಲ್ಲ ಮಾಡಿದ್ದರು. ಪೊಲೀಸರ ಮೇಲಿನ ವಿಶ್ವಾಸ ಹೆಚ್ಚಲಿಲ್ಲ, ಅಪರಾಧ ಇಳಿಯಲಿಲ್ಲ. ಯಾಕೆ ಎಂಬುದಕ್ಕೆ ಸಂಶೋಧಕರು ಕೊಟ್ಟ ಕಾರಣಗಳನ್ನು ಓದಿದರೆ ಯಾವ ದೇಶದ ಓದುಗರಿಗೂ ಹೊಸದೆನಿಸುವುದಿಲ್ಲ. ಉತ್ಸಾಹದಿಂದ ಆರಂಭಿಸಿದ ಅಧಿಕಾರಿಗಳಿಗೆ ವರ್ಗವಾಯಿತು. ಮೇಲಿನವರು ಇದಕ್ಕೆ ಆದ್ಯತೆ ಕೊಡಲಿಲ್ಲ. ಜನ ಹೇಳಿದ್ದನ್ನು ಬೆನ್ನುಹತ್ತಲು ಬೇಕಾದ ಸಿಬ್ಬಂದಿ, ವಾಹನ, ಹಣ ಇರಲಿಲ್ಲ. ಕೇಳಿಸಿಕೊಂಡರು, ಕೆಲಸ ಆಗಲಿಲ್ಲ.

ಹಾಗೆಂದು ಭೇಟಿಗೆ ಬೆಲೆಯೇ ಇಲ್ಲವೆಂದಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ ಸಮವಸ್ತ್ರದ ಅಧಿಕಾರಿಗಳು ಯಾವ ತನಿಖೆಯ ಉದ್ದೇಶವೂ ಇಲ್ಲದೆ ಮನೆ ಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ಮಾತನಾಡಿ ಬಂದರು. ಆ ಒಂದೇ ಭೇಟಿಯಿಂದ ಪೊಲೀಸರ ಬಗೆಗಿನ ಅಭಿಪ್ರಾಯ ಸುಧಾರಿಸಿತು, ಮೂರು ವಾರಗಳ ನಂತರ ಕೇಳಿದಾಗಲೂ ಆ ಸುಧಾರಣೆ ಉಳಿದಿತ್ತು. ಜಪಾನಿನಲ್ಲಿ ‘ಕೋಬಾನ್’ ಎಂಬ ಪುಟ್ಟ ಠಾಣೆಗಳ ಅಧಿಕಾರಿಗಳು ಮನೆ ಮನೆಗೆ ಹೋಗಿ ಬರುವುದು ಹಳೆಯ ರೂಢಿ, ಸಿಂಗಪುರ 1983ರಲ್ಲಿ ಆ ಮಾದರಿಯನ್ನು ತನಗೆ ಒಗ್ಗಿಸಿಕೊಂಡಿತು. ಪರಿಚಯ ಬಾಗಿಲು ತೆರೆಸುತ್ತದೆ. ತೆರೆದ ಬಾಗಿಲನ್ನು ತೆರೆದೇ ಇಡಲು ಕೆಲಸ ಬೇಕು.

ಸಭೆಗೆ ಯಾರು ಬರುತ್ತಾರೆ ಎಂಬುದು ಇನ್ನೊಂದು ತೊಡಕು. ಸಾಮಾನ್ಯವಾಗಿ ಬರುವವರು ಸ್ವಂತ ಮನೆಯುಳ್ಳವರು, ಬಿಡುವುಳ್ಳವರು, ಪೊಲೀಸರೆಂದರೆ ಹೆದರದವರು. ಬಾಡಿಗೆದಾರರು, ವಲಸೆ ಕಾರ್ಮಿಕರು, ಮನೆಗೆಲಸದವರು, ಯುವಕರು ಬರುವುದಿಲ್ಲ. ಷಿಕಾಗೊದಲ್ಲಿಯೂ ಸ್ಪ್ಯಾನಿಷ್ ಮಾತನಾಡುವ ನಿವಾಸಿಗಳನ್ನು ಒಳಗೊಳ್ಳುವುದು ಬಹಳ ಕಷ್ಟವಾಯಿತು, ಅವರಿಗೆ ದಕ್ಕಿದ ಲಾಭವೂ ಕಡಿಮೆ. ಕೂತವರ ಭಯವೇ ಬಡಾವಣೆಯ ಭಯವೆಂದು ದಾಖಲಾದರೆ, ಪೊಲೀಸರ ಗಮನವೆಲ್ಲ ನಿಲುಗಡೆಯ ಜಗಳಕ್ಕೆ, ಬೀದಿಯಲ್ಲಿ ನಿಲ್ಲುವ ಹುಡುಗರಿಗೆ ಹೋಗುತ್ತದೆ. ಮನೆಯೊಳಗೆ ಹೊಡೆತ ತಿನ್ನುವ ಹೆಂಗಸಿನ ಮಾತು ಆ ಸಭೆಯಲ್ಲಿ ಎಂದೂ ಬರುವುದಿಲ್ಲ. ಅದಕ್ಕೆ ಬೇರೆ ಹೊತ್ತು, ಬೇರೆ ಜಾಗ, ಮಹಿಳಾ ಅಧಿಕಾರಿ ಬೇಕು. ಎಲ್ಲ ನೋವನ್ನೂ ಸಾರ್ವಜನಿಕ ಸಭೆಯಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ.

ವಿಶ್ವಾಸವನ್ನು ಮೊದಲೇ ಕಟ್ಟಿಟ್ಟುಕೊಂಡರೆ ಏನಾಗಬಹುದು ಎಂಬುದಕ್ಕೆ ಮಹಾರಾಷ್ಟ್ರದ ಭಿವಂಡಿಯ ಉದಾಹರಣೆ ಇದೆ. ವಿದ್ಯುತ್ ಮಗ್ಗಗಳ ಆ ಪಟ್ಟಣ 1970 ಮತ್ತು 1984ರಲ್ಲಿ ಭೀಕರ ಕೋಮು ಗಲಭೆಗಳನ್ನು ಕಂಡಿತ್ತು. 1980ರ ದಶಕದ ಕೊನೆಗೆ ಅಲ್ಲಿ ಪೊಲೀಸ್ ಉಪ ಆಯುಕ್ತರಾಗಿದ್ದ ಸುರೇಶ್ ಖೋಪಡೆ, ಎರಡೂ ಸಮುದಾಯದವರನ್ನು ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಗಲಭೆಯಾದ ಮೇಲೆ ಕರೆಯುವ ಶಾಂತಿ ಸಭೆಗಳಂತಲ್ಲದೆ, ಇವು ಶಾಂತಿಯ ಕಾಲದಲ್ಲಿಯೇ ಸೇರುತ್ತಿದ್ದವು, ನಿತ್ಯದ ಸಣ್ಣಪುಟ್ಟ ಜಗಳಗಳನ್ನು ಕೂತು ಬಗೆಹರಿಸುತ್ತಿದ್ದವು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಹತ್ತಿರದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು.

ನಿಮ್ಮ ಬಡಾವಣೆಯಲ್ಲಿ ಇಂಥದ್ದನ್ನು ಆರಂಭಿಸುವ ಮನಸ್ಸಿದ್ದರೆ ದೊಡ್ಡ ಉದ್ಘಾಟನೆ ಬೇಡ. ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ. ಜಾಗ, ದಿನ, ಹೊತ್ತು ಬರೆದು ಬೀಟ್ ಅಧಿಕಾರಿಗೆ ಕೊಡಿ, ಠಾಣಾಧಿಕಾರಿಗೂ ಒಂದು ಪ್ರತಿ ಕೊಡಿ. ವರ್ಗಾವಣೆಯಾದರೆ ಮುಂದೆ ಬರುವವರಿಗೆ ಆ ಕಾಗದವೇ ಆಧಾರ. ಸಭೆಯ ವಹಿಯಲ್ಲಿ ಯಾರು ಏನು ಮಾಡುವುದಾಗಿ ಒಪ್ಪಿಕೊಂಡರು ಎಂಬುದನ್ನು ಬರೆದಿಟ್ಟು, ಮುಂದಿನ ಸಭೆಯನ್ನು ಆ ಪುಟ ಓದಿಯೇ ಆರಂಭಿಸಿ. ಲೆಕ್ಕ ಹಾಕುವಾಗ ದೂರುಗಳ ಸಂಖ್ಯೆ ಏರಿದರೆ ಕೂಡಲೇ ಗಾಬರಿಯಾಗಬೇಡಿ. ಅದುವರೆಗೆ ಠಾಣೆಯ ಮೆಟ್ಟಿಲು ಹತ್ತದವರು ಈಗ ಹತ್ತುತ್ತಿರುವುದೂ ಅದಕ್ಕೆ ಕಾರಣವಾಗಿರಬಹುದು. ಕಳವಾದ ಮನೆಗೆ ಮತ್ತೆ ಕಳ್ಳ ಬಂದನೇ, ಆ ಕತ್ತಲೆಯ ತಿರುವಿನಲ್ಲಿ ಎರಡನೆಯ ಪಾಳಿಯ ಹೆಣ್ಣುಮಕ್ಕಳು ಮತ್ತೆ ನಡೆದು ಬರುತ್ತಿದ್ದಾರೆಯೇ ಎಂದು ನೋಡಿ, ಅವರನ್ನೇ ಕೇಳಿ.